ನಾಲ್ಕು, ನಾಲ್ಕು, ನಾಲ್ಕು, ಮೂರು

ಒಂದು ಹನಿ ಮದ್ಯ ಮುಟ್ಟದೆ ಪಬ್ಬಿನಲ್ಲಿ ಗಲಾಟೆ ಎಬ್ಬಿಸಿದವರು ಸಿಡ್ನಿಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಕಾಕು ಒಬ್ಬಳೇ! ಈ ದಾಖಲೆ ಮುರಿಯಬೇಕೆಂದರೆ ಇನ್ನೊಬ್ಬ ಧಾರವಾಡದವಳೇ ವಿಮಾನ ಹತ್ತಿ ಬರಬೇಕು. ಹೀಗೆ ಹೇಳುವಾಗ ನನ್ನ ಎದೆ ಉಬ್ಬುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಕಾಕಾ ಹಗಲು ಬ್ಯಾಂಕಿನಲ್ಲಿ, ಸಂಜೆ ತಬಲಾದ ಮುಂದೆ. ಕಾಕುವಿನದು ವಾಯಲಿನ್. ಕಾಕಾ ತೀರಿಕೊಂಡ ಮೇಲೆ ವಾಯಲಿನ್ ಪೆಟ್ಟಿಗೆ ಕಪಾಟಿನ ಮೇಲೆ ಹೋಗಿ ಕುಳಿತಿತು. ಆಮೇಲೆ ಅವಳು ಬಂದು ಸೇರಿದ ಮಗಳ ಮನೆ ಮೆಲ್ಬರ್ನಿನ ಟ್ರುಗನಿನಾದಲ್ಲಿ. ಅಲ್ಲಿ ವೇರ್‌ಹೌಸ್‌ಗಳನ್ನು ಬಿಟ್ಟರೆ ಮಾತಾಡಿಸಲು ಯಾರೂ ಇಲ್ಲ ಎಂಬ ದೂರು ಹೊತ್ತು ಕಾಕು ಸಿಡ್ನಿಗೆ, ರೌಸ್ ಹಿಲ್‌ನ ನಮ್ಮ ಮನೆಗೆ ಬಂದಿಳಿದಾಗ, ಇಳಕಲ್ ಸೀರೆಯಲ್ಲಿ ಸುತ್ತಿದ ಆ ಪೆಟ್ಟಿಗೆಯೂ ಜೊತೆಗಿತ್ತು. ನುಡಿಸದ ವಾಯಲಿನ್ ಯಾಕೆ ತಂದೆ ಎಂದು ಕೇಳಿದರೆ, ಮನೆಯಲ್ಲಿ ಅದೊಂದನ್ನೇ ಬಿಟ್ಟರೆ ಅದಕ್ಕೆ ಬೇಸರವಾಗುತ್ತದೆ ಎಂದಳು.

ಒಂದು ಭಾನುವಾರ ಹ್ಯಾರಿಸ್ ಪಾರ್ಕಿನಲ್ಲಿ ಮೆಂತ್ಯ ಸೊಪ್ಪು, ಜೋಳದ ಹಿಟ್ಟು ಕೊಂಡು ನಡೆದು ಬರುವಾಗ ಹಳೆಯ ಪಬ್ಬೊಂದರಿಂದ ವಾಯಲಿನ್ ಕೇಳಿಸಿತು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಕಾಕು ಸೊಪ್ಪಿನ ಚೀಲ ಸಮೇತ ಒಳಗೆ! ಬಾರಿನ ಹುಡುಗಿಗೆ ಚಹಾ ಹೇಳಿದಳು. ಒಳಗೆ ಐರಿಷ್ ಸಂಗೀತದವರು ವೃತ್ತಾಕಾರವಾಗಿ ಕುಳಿತು ರೀಲ್ ನುಡಿಸುತ್ತಿದ್ದರು. ರೀಲ್ ಎಂದರೆ ಅವರ ಕುಣಿತದ ಧಾಟಿ, ನಿಂತಲ್ಲಿ ನಿಲ್ಲಗೊಡದ ಓಟ. ಅವರಿಗೊಬ್ಬ ಹಿರಿಯ, ಎದೆತನಕ ಬಿಳಿ ಗಡ್ಡ. ಕಾಕು ಆ ಕ್ಷಣವೇ ಅವನಿಗೆ ಗಡ್ಡಪ್ಪ ಎಂದು ನಾಮಕರಣ ಮಾಡಿದಳು.

ಮುಂದಿನ ಭಾನುವಾರ ವಾಯಲಿನ್ನೂ ಬಂತು. ನಮ್ಮವರು ವಾಯಲಿನ್ ನುಡಿಸುವುದು ನೆಲದ ಮೇಲೆ ಕುಳಿತು, ಅದರ ತಲೆಯನ್ನು ಹಿಮ್ಮಡಿಯ ಮೇಲಿಟ್ಟು. ಕಾಕು ಪಬ್ಬಿನ ಕಾರ್ಪೆಟ್ಟಿನ ಮೇಲೆ ಕೂರುತ್ತಲೇ ಬಾರಿನ ಹುಡುಗಿ ನೀರು ಹಿಡಿದು ಓಡಿ ಬಂದಳು, ಮುದುಕಿ ತಲೆ ತಿರುಗಿ ಬಿದ್ದಿದ್ದಾಳೆಂದು! ಕೊನೆಗೆ ಗೋಡೆಯ ಪಕ್ಕದ ಉದ್ದ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದೆಂದು ರಾಜಿಯಾಯಿತು. ಆದರೆ ಒಂದು ಹಟ. ತನ್ನ ಬಲಗಡೆ ಕೈಚೀಲ ಇಟ್ಟುಬಿಡುವಳು, ಅಲ್ಲಿ ಯಾರಿಗೂ ಜಾಗವಿಲ್ಲ. ನನಗೂ ಇಲ್ಲ! ಕರೆದುಕೊಂಡು ಬಂದ ತಪ್ಪಿಗೆ ನಾನು ಕಂಬಕ್ಕೆ ಒರಗಿ ನಿಲ್ಲುವುದು.

ಕೆಲವು ವಾರಗಳಲ್ಲಿ ಕಾಕು ಅವರಲ್ಲಿ ಒಬ್ಬಳಾದಳು. ಗಡ್ಡಪ್ಪ ಅವಳಿಗೆ ಧಾಟಿ ಕಲಿಸುವುದು, ಅವಳು ಅವನಿಗೆ ಶೇಂಗಾ ಚಟ್ನಿ ತಿನ್ನಿಸುವುದು. ಯಾವ ಕಾಲದಿಂದಲೋ ಬಾಡಿದ್ದ ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ.

ಆಗ ಬಂತು ಆ ರೀಲ್. ಗಡ್ಡಪ್ಪ ಅಪರೂಪಕ್ಕೆ ಎತ್ತಿಕೊಳ್ಳುವ, ಅವನ ಊರಿನ ಧಾಟಿ. ಕಾಕು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದಳು. ಹುಬ್ಬು ಗಂಟಾಯಿತು. ಎರಡನೆಯ ಸುತ್ತಿಗೆ ಕೈಯೇ ಮೇಲೆದ್ದಿತು.

"ಸ್ಟಾಪ್ ಪ್ಲೀಸ್. ಒನ್ ಮಾತ್ರಾ ನುಂಗೀರಿ ನೀವು."

ಅವರಲ್ಲಿ ನುಡಿಸುವುದನ್ನು ನಡುವೆ ನಿಲ್ಲಿಸುವುದು ಎಂದರೆ, ನಮ್ಮಲ್ಲಿ ಮಂಗಳಾರತಿಯ ನಡುವೆ ದೀಪ ಊದಿದಂತೆ. ಬಾರಿನಲ್ಲಿ ಗ್ಲಾಸು ಒರೆಸುವ ಸದ್ದೂ ನಿಂತಿತು. ಮಾತ್ರೆ ಎಂದರೆ ಗುಳಿಗೆಯಲ್ಲ, ತಾಳದ ಒಂದು ಎಣಿಕೆ ಎಂದು ನಾನು ಬೆವರುತ್ತ ಅನುವಾದಿಸಿದೆ. ಗಡ್ಡಪ್ಪ ಕೆಂಪಗಾದ. ಬೇರೆ ರೀಲ್‌ಗಳೆಲ್ಲ ನಾಲ್ಕು ನಾಲ್ಕರ ಲೆಕ್ಕದಲ್ಲಿ ಓಡುತ್ತವೆ, ಇದೊಂದು ಮಾತ್ರ ಕೊನೆಯಲ್ಲಿ ಮೂರಕ್ಕೇ ತಿರುಗುತ್ತದೆ, ಕಟ್ಟಿದ್ದೇ ಹಾಗೆ, ತನ್ನ ಅಪ್ಪನೂ ಹಾಗೇ ನುಡಿಸಿದ್ದ ಎಂದ. ಇನ್ನು ಮೇಲೆ ಆಕೆ ವಾಯಲಿನ್ ಪೆಟ್ಟಿಗೆಯಲ್ಲಿಟ್ಟು ಸುಮ್ಮನೆ ಕೇಳಿದರೆ ಸಾಕು ಎಂದೂ ಸೇರಿಸಿದ. ಅದನ್ನು ನಾನು ಅನುವಾದಿಸಲಿಲ್ಲ. ಕಾಕುವಿಗೆ ಅರ್ಥವಾಗಿತ್ತು.

ರೈಲಿನಲ್ಲಿ ಅವಳು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಕೊಂಡಿಗಳನ್ನು ಮತ್ತೆ ಮತ್ತೆ ಬಿಗಿಮಾಡಿದಳು. ಪೆಟ್ಟಿಗೆ ಮತ್ತೆ ಕಪಾಟು ಹತ್ತುತ್ತದೆ, ಈ ಸಲ ಇಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಭಯವಾಯಿತು.

ನಮ್ಮ ಕಾಕುವನ್ನು ನಾನು ಇನ್ನೂ ಸರಿಯಾಗಿ ಅರಿತಿರಲಿಲ್ಲ! ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದೇ ಬೇರೆಯಾಗಿತ್ತು. ನಾಲ್ಕು, ನಾಲ್ಕು, ನಾಲ್ಕು, ಮೂರು. ಮೂರಕ್ಕೆ ರೊಟ್ಟಿ ಹೆಂಚಿಗೆ. ಆಮೇಲೆ ಮೆಟ್ಟಿಲು ಹತ್ತುವುದು, ಬಟ್ಟೆ ಮಡಚುವುದು, ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಸ್ಕ್ಯಾನ್ ಮಾಡುವುದು ಎಲ್ಲ ಅದೇ ಲೆಕ್ಕ. ನಮ್ಮ ಹಿಂದೆ ಕ್ಯೂ ನಿಂತವರ ತಾಳ್ಮೆ ದೊಡ್ಡದು. ಸಂಜೆ ಅವಳು ನುಡಿಸಿದರೆ ನಾನು ಚಪ್ಪಾಳೆ ತಟ್ಟಬೇಕು. ನನ್ನ ಕೈ ಮಾತ್ರ ಪ್ರತಿ ಸಲವೂ ನಾಲ್ಕನೆಯದನ್ನು ತಟ್ಟಿಯೇ ತೀರುವುದು.

ಒಂದು ದಿನ ವಾಯಲಿನ್ನಿನ ಕಮಾನು ಕೆಳಗಿಟ್ಟು ಒಬ್ಬಳೇ ನಕ್ಕಳು. ಈ ಹದಿನೈದು ಮಾತ್ರೆಯ ತಾಳ ನಮ್ಮಲ್ಲೂ ಇದೆಯಂತೆ, ಕಾಕಾಗೆ ಪ್ರಾಣವಂತೆ.

"ಮದುವ್ಯಾದ ಹೊಸತಿನಾಗ ಇದನ್ನ ಬಾರಿಸಿ ನನ್ನ ದಾರಿ ತಪ್ಪಸ್ತಿದ್ದರು ನಿಮ್ಮ ಕಾಕಾ. ನಾ ತಪ್ಪಿದ್ನೆಂದ್ರ ಮನಿ ತುಂಬ ನಗೂದು. ಈ ಗಡ್ಡಪ್ಪನ ಊರಾಗೂ ಅಂಥಾವ ಒಬ್ಬಾವ ಇದ್ದ ನೋಡು."

ಅಷ್ಟರಲ್ಲಿ ಮೆಲ್ಬರ್ನಿನಲ್ಲಿ ಐರಿಷ್ ಸಂಗೀತದವರ ಕೂಟವೊಂದು ಬಂತು. ಗಡ್ಡಪ್ಪನ ಬಳಗವೂ ಹೊರಟಿತ್ತು. ಕಾಕುವಿಗೆ ಆ ವಾರವೇ ಮಗಳ ನೆನಪು ಉಕ್ಕಿ ಬಂತು! ಟ್ರುಗನಿನಾದಲ್ಲಿ ಒಂದು ಊಟ, ಆಮೇಲೆ ಸೀದಾ ಸಭಾಂಗಣ. ಕಾಕು ಕೇಳುಗರ ಸಾಲಿನ ಬೆಂಚಿನಲ್ಲೇ ಕುಳಿತಳು, ಮಡಿಲಲ್ಲಿ ಪೆಟ್ಟಿಗೆ, ಬಲಗಡೆ ಕೈಚೀಲ. ನನಗೆ ಇಲ್ಲೂ ಒಂದು ಕಂಬ.

ಗಡ್ಡಪ್ಪ ಆ ರೀಲ್ ಎತ್ತಿಕೊಂಡ. ಬೇರೆ ಊರಿನವರೂ ಹುರುಪಿನಿಂದ ಕೂಡಿಕೊಂಡರು. ಮೂರರ ತಿರುವಿನಲ್ಲಿ ಅರ್ಧ ಜನ ಮುಗ್ಗರಿಸಿದರು, ಇನ್ನೊಂದು ಸುತ್ತಿಗೆ ಉಳಿದರ್ಧ. ಒಬ್ಬನೇ ಉಳಿದ ಗಡ್ಡಪ್ಪನ ಕಮಾನು ತಡವರಿಸಿತು. ಆಗ ಕೇಳುಗರ ಸಾಲಿನಿಂದ ಇನ್ನೊಂದು ವಾಯಲಿನ್ ಕೇಳಿಸಿತು. ತಿರುವು ಬಂತು, ಹೋಯಿತು, ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ. ನನಗೆ ಕೂಗಿ ಹೇಳಬೇಕೆನಿಸಿತು, ಇವಳು ನಮ್ಮ ಕಾಕು ಎಂದು!

ಧಾಟಿ ಮುಗಿದಾಗ ಗಡ್ಡಪ್ಪ ಎದ್ದು ಬಂದು ಅವಳ ಮುಂದೆ ನಿಂತ. ಕಾಕು ಮೊದಲೇ ಹೇಳಿಬಿಟ್ಟಳು.

"ತಪ್ಪು ನಂದು. ಮಾತ್ರಾ ನೀವು ನುಂಗಿರಲಿಲ್ಲ."

ನಾನು ಅನುವಾದಿಸಿದೆ. ಅವನು ಅವಳ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೋಗಿ ತನ್ನ ಬೆಂಚಿನ ಪಕ್ಕ ಇಟ್ಟ. ಇನ್ನೊಮ್ಮೆ ನುಡಿಸೋಣ ಎಂದ.

ಕಾಕು ಅಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು, ಬಲಗಡೆ ಕೈಚೀಲ ಇಟ್ಟಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎತ್ತಿ ಕೆಳಗಿಟ್ಟು, ಕಂಬಕ್ಕೆ ಒರಗಿದ್ದ ನನ್ನನ್ನು ಕರೆದಳು.

"ಬಾ, ಇಲ್ಲಿ ಕೂಡು. ತಾಳ ಹಿಡಿ."

ನಮ್ಮ ಕಛೇರಿಗಳಲ್ಲಿ ಬಲಗಡೆ ಕೂರುವವರು ತಬಲಾದವರು. ಇಷ್ಟು ದಿನ ನನಗೆ ಇದು ಹೊಳೆದೇ ಇರಲಿಲ್ಲ. ಕೂತೆ. ನಾಲ್ಕು, ನಾಲ್ಕು, ನಾಲ್ಕು, ಮೂರು. ನನ್ನ ಜನ್ಮದಲ್ಲಿ ಮೊದಲ ಬಾರಿಗೆ ಸರಿಯಾಗಿ ತಿರುಗಿದೆ. ಕಾಕು ನುಡಿಸುತ್ತಲೇ ಬಲಕ್ಕೆ ತಿರುಗಿ, ಹೊಸ ಮದುವಣಗಿತ್ತಿಯ ಹಾಗೆ ನಕ್ಕು, ಭಲೇ ಎಂಬಂತೆ ತಲೆಯಾಡಿಸಿದಳು.

ಆ ನಗೆ ನನಗಲ್ಲ ಎಂದು ಗೊತ್ತಿತ್ತು. ಆದರೂ ಕಾಕಾನ ಪರವಾಗಿ ನಾನೂ ತಲೆಯಾಡಿಸಿದೆ.