ಲೆನ್ನಿ ಗುಜಿಕನ ದ್ವಾರಪಾಲಕ

"ಇನ್ನು ಈ ವ್ಯಾನಿನ ಬಾಗಿಲನ್ನು ನನ್ನ ಅಪ್ಪಣೆಯಿಲ್ಲದೆ ದೇವರೂ ತೆಗೆಯೋಕಾಗಲ್ಲ!"

ಲೆನ್ನಿ ಗುಜಿಕ್ ಅಡುಗೆಮನೆಯ ನಟ್ಟನಡುವೆ ನಿಂತು ಹೀಗೆ ಘೋಷಿಸಿದಾಗ ಅವನ ಹೆಂಡತಿ ರೆಜಿನಾ ಪಾತ್ರೆ ಒರೆಸುತ್ತಿದ್ದಳು.

"ದೇವರ ವಿಷಯ ಹಾಗಿರಲಿ, ನಾನು ತೆಗೀಬಹುದು ತಾನೆ?"

ಲೆನ್ನಿ ನಕ್ಕ. ಆ ನಗುವಿನಲ್ಲಿ ಇಪ್ಪತ್ತೆರಡು ವರ್ಷಗಳ ಅನುಭವವಿತ್ತು. ಮುಂದಾಲೋಚನೆ ಮಾತ್ರ ಇರಲಿಲ್ಲ.

ಡೆಟ್ರಾಯ್ಟಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಅವನದು ವಿಚಿತ್ರ ನೌಕರಿ. ಹೊಸ ಕಾರುಗಳಿಗೆ ಲ್ಯಾಪ್‌ಟಾಪಿನಿಂದ ಕನ್ನ ಹಾಕಿ ನೋಡುವುದು, ಆಮೇಲೆ ಆ ಕನ್ನವನ್ನು ತಾನೇ ಮುಚ್ಚುವುದು. ಈಗಿನ ಕಾರೆಂದರೆ ನಾಲ್ಕು ಚಕ್ರದ ಮೇಲೆ ಕೂತ ಪುಟ್ಟ ಪುಟ್ಟ ಕಂಪ್ಯೂಟರುಗಳ ಸಂತೆ! ಬ್ರೇಕು, ಬಾಗಿಲು, ಹಾರ್ನು ಎಲ್ಲ ಒಂದೇ ತಂತಿಯ ಮೇಲೆ ಹಗಲಿರುಳು ಹರಟುತ್ತಿರುತ್ತವೆ. ಹೊರಗಿನ ಕಳ್ಳನೊಬ್ಬ ಆ ಹರಟೆಗೆ ದನಿ ಸೇರಿಸಿದನೆಂದರೆ ಕಾರು ಅವನ ಹಿಂದೆ ಹೊರಟೇಬಿಡುತ್ತದೆ. ಅದನ್ನು ತಡೆಯಲು ಲೆನ್ನಿ ಒಂದು ಪೆಟ್ಟಿಗೆ ಕಟ್ಟಿದ್ದ. ಹೆಸರು ದ್ವಾರಪಾಲಕ. ಅದು ಹದಿನಾಲ್ಕು ದಿನ ಬಾಯಿ ಮುಚ್ಚಿಕೊಂಡು ಕಾರಿನ ಹರಟೆಯನ್ನು ಕೇಳುತ್ತದೆ. ಆ ದಿನಗಳಲ್ಲಿ ಮತ್ತೆ ಮತ್ತೆ ಕೇಳಿದ್ದೆಲ್ಲ ಮನೆಯವರ ಮಾತು, ಉಳಿದದ್ದೆಲ್ಲ ಕಳ್ಳರದು. ಹದಿನೈದನೆಯ ದಿನ ಬೆಳಗ್ಗೆ ಏಳಕ್ಕೆ ಸರಿಯಾಗಿ ಕಾವಲು ಶುರು. ಆಫೀಸಿನಲ್ಲಿ ತೋರಿಸುವ ಮೊದಲು ಮನೆಯ ವ್ಯಾನಿನಲ್ಲಿ ಪರೀಕ್ಷೆ ಆಗಲಿ ಎಂದು ಅದನ್ನು ಅಲ್ಲಿ ಕೂರಿಸಿದ್ದ.

"ಎರಡು ವಾರ ವ್ಯಾನ್ ಮುಟ್ಟಬೇಡ" ಎಂದು ಹೆಂಡತಿಗೆ ಅಪ್ಪಣೆಯಾಯಿತು. ರಿಮೋಟ್ ಕೀಲಿಯ ರೇಡಿಯೋ ಅಲೆಗಳನ್ನು ಯಾರಾದರೂ ಗಾಳಿಯಲ್ಲೇ ಕದ್ದಾರೆಂದು ಅದನ್ನು ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಮುಚ್ಚಿಟ್ಟ. ಸಂಜೆಯಾದರೆ ಸಾಕು, ಅಡುಗೆಮನೆಯ ಮೇಜಿಗೆ ಕೂತು ಲ್ಯಾಪ್‌ಟಾಪಿನಿಂದ ಗ್ಯಾರೇಜಿನಲ್ಲಿದ್ದ ವ್ಯಾನಿಗೆ ಕನ್ನ! ದಿನಕ್ಕೆ ನಲವತ್ತು ಸಲ! ಅಭ್ಯಾಸಬಲ, ಬಿಡಲು ಸಾಧ್ಯವೇ?

ಹದಿನೈದನೆಯ ದಿನ, ಈಸ್ಟರಿಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಹಿಂದಿನ ಮಂಗಳವಾರವಾಗಿತ್ತು. ಅಂದು ಲೆನ್ನಿಯ ಬೀದಿಯ ಪೋಲಿಷ್ ಮನೆಗಳವರೆಲ್ಲ ಹೊಟ್ಟೆ ಬಿರಿಯುವಂತೆ ಪೂಂಚ್ಕಿ ತಿನ್ನಬೇಕು. ಹಣ್ಣಿನ ಪಾಕ ತುಂಬಿ ಕರಿದ ಆ ಉಂಡೆಗಳ ಮಾರಾಟವನ್ನು ಚರ್ಚಿನಲ್ಲಿ ಹನ್ನೊಂದು ವರ್ಷ ನಡೆಸಿದವಳು ಲೆನ್ನಿಯ ಅಕ್ಕ ಯಾಡ್ವಿಗ. ಈ ವರ್ಷ ಪಾದ್ರಿಗಳು ಆ ಪಟ್ಟವನ್ನು ರೆಜಿನಾಗೆ ಕೊಟ್ಟಿದ್ದರು. ರೆಜಿನಾ ಎರಡು ದಿನ ಒಲೆ ಬಿಟ್ಟು ಏಳದೆ ಐನೂರು ಪೂಂಚ್ಕಿ ಕರಿದಿದ್ದಳು. ಎಂಟಕ್ಕೆ ಮೇಜು ತುಂಬದಿದ್ದರೆ ಜನ ಬೀದಿಯ ಕೊನೆಯ ಬೇಕರಿಗೆ ಹೋಗುತ್ತಾರೆ, ಪಟ್ಟ ಮತ್ತೆ ಯಾಡ್ವಿಗಳ ತಲೆಗೇರುತ್ತದೆ!

ಆರೂವರೆಗೆ ಡಬ್ಬದಿಂದ ಕೀಲಿ ಹೊರಬಂತು. ಪೂಂಚ್ಕಿಯ ತಟ್ಟೆಗಳನ್ನು ಹೊತ್ತ ವ್ಯಾನು ಬಾಲ ಮುದುರಿದ ನಾಯಿಯಂತೆ ಸುಮ್ಮನೆ ಹೊರಟಿತು. ಚರ್ಚಿನ ಮುಂದೆ ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿ, ಇಬ್ಬರೂ ಸಭಾಂಗಣದಲ್ಲಿ ದೀಪ ಹಚ್ಚಿ ಮೇಜು ಜೋಡಿಸಿ ಬಂದರು. ಅಷ್ಟರಲ್ಲಿ ಗಂಟೆ ಏಳು ಹೊಡೆದು, ಏಳೂವರೆಯೂ ದಾಟಿತ್ತು. ಹೊರಗೆ ಮೂಗು ಕಡಿಯುವ ಚಳಿಯಲ್ಲಿ ಆಗಲೇ ಸಾಲು ಬೆಳೆದಿತ್ತು. ಸಾಲಿನ ಮುಂತುದಿಯಲ್ಲಿ ಯಾಡ್ವಿಗ.

ರೆಜಿನಾ ಕೀಲಿ ಒತ್ತಿದಳು.

ಪೋಂ! ಪೋಂ! ಪೋಂ! ವ್ಯಾನು ಊರು ಎದ್ದು ಕೂರುವಂತೆ ಕಿರುಚಿತು. ದೀಪಗಳು ಬೆದರಿ ಮಿಟುಕಿದವು. ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದಳು, ಕಿರುಚಾಟ ಇಮ್ಮಡಿಯಾಯಿತು!

"ಲೆನ್ನಿ! ಏನಿದು?"

"ಏ... ಏನೂ ಇಲ್ಲ. ಚಳಿಗೆ ಹಾಗಾಗಿರಬೇಕು."

"ಚಳಿಗೆ ನಡುಗ್ತಾರೆ ಮಾರಾಯ, ಕಿರುಚಲ್ಲ!"

"ಏನು ತಮ್ಮಾ, ಬ್ಯಾಂಡ್ ಸಮೇತ ಬಂದಿದ್ದೀಯಾ?" ಎಂದಳು ಯಾಡ್ವಿಗ. "ನನ್ನ ಕಾಲದಲ್ಲಿ ಪೂಂಚ್ಕಿ ಬುಟ್ಟಿಯಲ್ಲಿ ಬರ್ತಿತ್ತು. ಬುಟ್ಟಿಗೆ ಬೀಗ ಇರಲಿಲ್ಲ!"

ಸಾಲಿಡೀ ನಕ್ಕಿತು. ರೆಜಿನಾಳ ಕೆನ್ನೆ ಕೆಂಪಗಾಯಿತು. ಗಾಜಿನಾಚೆ ಐನೂರು ಪೂಂಚ್ಕಿ ಕಾಣುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಇಡೀ ಬೀದಿಯೇ ಕಣ್ಣಾರೆ ನೋಡುತ್ತಿತ್ತು.

ಲೆನ್ನಿ ಜೊತೆಗೇ ತಂದಿದ್ದ ಲ್ಯಾಪ್‌ಟಾಪ್ ತೆರೆದ. ದ್ವಾರಪಾಲಕನ ವರದಿ ಓದಿದ. ಕಣ್ಣುಜ್ಜಿಕೊಂಡು ಮತ್ತೆ ಓದಿದ. ಅದೇ ಇತ್ತು!

"ಏನಂತೆ?"

"ರೆಜಿನಾ... ಅದಕ್ಕೆ ಕೀಲಿ ಅಂದ್ರೇನು ಅಂತಲೇ ಗೊತ್ತಿಲ್ಲ."

"ಅಂದ್ರೆ?"

"ಎರಡು ವಾರ ಕೀಲಿ ಡಬ್ಬದಲ್ಲಿತ್ತಲ್ಲ. ಇವತ್ತು ಬೆಳಗ್ಗೆ ಒಂದೇ ಸಲ ಕಂಡಿದ್ದು. ಯಾರೋ ದಾರಿಹೋಕ ಅಂದ್ಕೊಂಡಿದೆ. ಆದರೆ ನಾನು ದಿನಾ ನಲವತ್ತು ಸಲ ಕನ್ನ ಹಾಕ್ತಿದ್ನಲ್ಲ... ಅದು, ಇದೇ ಈ ಮನೆಯ ಪದ್ಧತಿ ಅಂತ ಕಲಿತುಬಿಟ್ಟಿದೆ!"

ರೆಜಿನಾ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ! ಹಾಗಾದ್ರೆ ಕಳ್ಳನಿಗೆ ಅಳಿಯನ ಮರ್ಯಾದೆ, ನನಗೆ ಕಳ್ಳಿಯ ಮರ್ಯಾದೆ!"

"ಹಾಗೇ ಅನ್ನು."

"ಅದನ್ನ ಆರಿಸು ಮತ್ತೆ!"

"ಆರಿಸೋ ಗುಂಡಿ ವ್ಯಾನಿನ ಒಳಗಿದೆ."

ರೆಜಿನಾ ಚರ್ಚಿನ ಗಡಿಯಾರದ ಕಡೆ ಬೆರಳು ತೋರಿಸಿದಳು. ಗಂಟೆ ಎಂಟಕ್ಕೆ ಹತ್ತು ನಿಮಿಷವಿತ್ತು. ಸಾಲಿನ ಬಾಲ ಬೇಕರಿಯ ಕಡೆಗೆ ತಿರುಗತೊಡಗಿತ್ತು. ಯಾಡ್ವಿಗ ಕೈಗವಸು ತೆಗೆದು, ಪಟ್ಟ ಹಿಡಿಯಲು ಸಿದ್ಧಳಾಗಿ ನಿಂತಿದ್ದಳು.

ಉಳಿದದ್ದು ಒಂದೇ ದಾರಿ. ಕಾರುಗಳ್ಳರ ಪರಮವೈರಿಯಾದ ಲೆನ್ನಿ ಗುಜಿಕ್ ಮಂಜಿನಲ್ಲಿ ಮಂಡಿಯೂರಿ, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು, ಊರವರೆಲ್ಲರ ಎದುರು ತನ್ನ ವ್ಯಾನಿಗೆ ತಾನೇ ಕನ್ನ ಹಾಕಿದ. ನಾಲ್ಕೇ ಸೆಕೆಂಡು! ಕಿರುಚಾಟ ನಿಂತಿತು. ದೀಪಗಳು ಸೌಮ್ಯವಾದವು. ಬಾಗಿಲು ಬಹಳ ವಿನಯದಿಂದ ಸರಿದು, ಬಾ ಯಜಮಾನ ಎಂಬಂತೆ ತೆರೆದುಕೊಂಡಿತು. ಎರಡು ವರ್ಷದ ದುಡಿಮೆ ಕಳ್ಳನಿಗೆ ಸಲಾಮು ಹೊಡೆಯುವುದನ್ನು ನೋಡಿ ಲೆನ್ನಿಗೆ ಅಳುವೇ ಬಂತು.

ಅಳಲು ಸಮಯ ಸಿಗಲಿಲ್ಲ. ಗದ್ದಲ ಕೇಳಿ ಎದುರುಮನೆಯವರಾರೋ ಫೋನು ಮಾಡಿದ್ದರು. ಬಂದ ಪೊಲೀಸ್ ಅಧಿಕಾರಿ ಕಂಡದ್ದಿಷ್ಟು: ಮುಖ ಮುಚ್ಚಿದ ಮನುಷ್ಯ, ಲ್ಯಾಪ್‌ಟಾಪು, ತೆರೆದ ವ್ಯಾನು.

"ಕೈ ಮೇಲೆತ್ತು!"

"ಸಾರ್, ಇದು ನನ್ನ ವ್ಯಾನು!"

"ಕೀಲಿ ಎಲ್ಲಿ?"

"ಕೀಲಿ ಇದೆ ಸಾರ್, ಆದರೆ ಕೀಲಿಯಿಂದ ಇದು ತೆರೆಯೋದಿಲ್ಲ. ಕದ್ದರೆ ಮಾತ್ರ ತೆರೆಯುತ್ತೆ!"

ತನ್ನ ಕಿವಿಗೇ ಆ ಮಾತು ತಪ್ಪೊಪ್ಪಿಗೆಯಂತೆ ಕೇಳಿಸಿ ಲೆನ್ನಿ ಬೆಚ್ಚಿಬಿದ್ದ. ಅಧಿಕಾರಿ ರೆಜಿನಾಳ ಕಡೆ ತಿರುಗಿದ.

"ಅಮ್ಮಾ, ಈ ಮನುಷ್ಯ ನಿಮಗೆ ಪರಿಚಯವೇ?"

ರೆಜಿನಾ ವ್ಯಾನಿನಲ್ಲಿದ್ದ ಐನೂರು ಪೂಂಚ್ಕಿಯನ್ನು ನೋಡಿದಳು, ಗಡಿಯಾರವನ್ನು ನೋಡಿದಳು, ಕೊನೆಗೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮೊದಲು ಈ ತಟ್ಟೆಗಳನ್ನೆಲ್ಲ ಒಳಗೆ ಹೊತ್ತು ಹಾಕಲಿ ಸಾರ್. ಪರಿಚಯ ಇದೆಯೋ ಇಲ್ಲವೋ ಅಂತ ಆಮೇಲೆ ಯೋಚನೆ ಮಾಡಿ ಹೇಳ್ತೀನಿ!"