ಒತಿಲಿಯಾಳ ಎದೆ ಮೆತ್ತಗಾದ ದಿನ

ಅಷ್ಟೂ ಗಲಾಟೆಗೆ ಕಾರಣ ಒತಿಲಿಯಾಳ ಎದೆ. ಬಸುರಾದ ಮೂರನೇ ತಿಂಗಳಿಗೇ ಬಿಗಿದು ನೋಯತೊಡಗಿತ್ತು. ಎಂಟನೆಯದಕ್ಕೆ ರವಿಕೆಯ ಗುಂಡಿಗಳು ಒಂದೊಂದಾಗಿ ಕೈಚೆಲ್ಲಿದವು. ಹೆತ್ತ ಮೂರನೇ ದಿನ ಹಾಲಿಳಿದು ಕಲ್ಲಿನಂತಾದಾಗ ಪಾಪ, ಅವಳು ಗೋಡೆಗೆ ಮುಖ ಮಾಡಿ ಅತ್ತಿದ್ದಳು. ಈಗ ಮೂವತ್ತೆಂಟನೇ ದಿನ ಬೆಳಿಗ್ಗೆ ಎದ್ದು ನೋಡಿಕೊಂಡರೆ ಎರಡೂ ಮೆತ್ತಗೆ, ಹಗುರ. ಮಗು ಲಿನೋ ಮಾತ್ರ ಎಂದಿನಂತೆ ಗಟಗಟ ಕುಡಿದು, ತೇಗಿ, ನಿದ್ದೆಹೋದ.

ಅವಳು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒತಿಲಿಯಾ ದೊಡ್ಡವರೊಬ್ಬರ ಜೊತೆ ಮಾತಾಡಿ ಒಂಬತ್ತು ದಿನವಾಗಿತ್ತು. ಗಂಡ ಎವರಿಸ್ತೋ ರಾಜಧಾನಿಯಲ್ಲಿ ಗಾರೆ ಕೆಲಸದವನು, ಬರುವುದು ತಿಂಗಳಿಗೊಮ್ಮೆ. ತವರು ಕಡಲ ಕಡೆ, ಅಲ್ಲಿ ತಾಯಿಯೂ ಇಲ್ಲ. ನಮ್ಮ ತ್ಲಾಸ್ಕಾಲ ಬೆಟ್ಟಸೀಮೆಯ ಹಳ್ಳಿಯವರು ಕೆಟ್ಟವರೇನಲ್ಲ; ಆದರೆ ಕಡಲ ಕಡೆಯ ಸೊಸೆ ಎಂದರೆ ಸ್ವಲ್ಪ ಬಿಗುಮಾನ. ಬಾಣಂತಿ ನಲವತ್ತು ದಿನ ಹೊಸಿಲು ದಾಟಬಾರದು ಎಂದು ಕಟ್ಟುನಿಟ್ಟಾಗಿ ಹೇಳಿ ಹೋದರು. ಹೊಸಿಲು ದಾಟಿ ಒಳಗೆ ಬಂದು ಮಾತಾಡಿಸಬೇಕು ಎಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ. ಅವಳು ಲಿನೋಗೇ ಊರ ಸುದ್ದಿ ಹೇಳುತ್ತಿದ್ದಳು. ಅವನು ಅರ್ಧಕ್ಕೇ ನಿದ್ದೆ ಮಾಡುತ್ತಿದ್ದ.

ಹಾಗಾಗಿ ಪಕ್ಕದ ಮನೆಯ ಮುದುಕಿ, ಊರೆಲ್ಲ ಗೌರವದಿಂದ ದೋನ್ಯಾ ಎನ್ನುವ ಕ್ರಿಸ್ಪಿನಾ, ಗೋಡೆಯಾಚೆಯಿಂದ “ಚೆನ್ನಾಗಿದೀಯೇನಮ್ಮಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟಾಗ, ಅವಳನ್ನು ಒಂದು ಗಳಿಗೆ ನಿಲ್ಲಿಸಿಕೊಳ್ಳಲೆಂದೇ ಒತಿಲಿಯಾ ಬಾಯಿಬಿಟ್ಟಳು.

“ನನ್ನೆದೆ ಯಾಕೋ ಮೆತ್ತಗಾಗಿದೆ, ದೋನ್ಯಾ ಕ್ರಿಸ್ಪಿನಾ.”

ಮುದುಕಿಯ ಕೈಯಿಂದ ಜೋಳದ ಬುಟ್ಟಿ ಜಾರಿತು. “ಅಯ್ಯೋ ನನ್ ತಾಯೀ! ಹಾಲು ಓಡಿಹೋಯ್ತಲ್ಲೇ!”

ಓಡಿಹೋದ ಹಾಲನ್ನು ವಾಪಸು ಕರೆತರಲು ನಮ್ಮೂರಿಗೆ ಗೊತ್ತಿರುವುದು ಒಂದೇ ದಾರಿ: ಪುಲ್ಕೆ, ಅಂದರೆ ಕತ್ತಾಳೆಯ ಹೆಂಡ. ಮೊದಲ ಹೂಜಿ ಕ್ರಿಸ್ಪಿನಾಳದು. ಹಿಂದೆಯೇ ಎದುರುಮನೆಯ ಹಸಿಂತಾ ಓಡಿಬಂದಳು.

“ಆ ಮುದುಕಿ ಹೆಂಡ ಬರೀ ನೀರು ಕಣೇ. ನಂದು ಕುಡಿ.”

“ನಿನ್ನ ಹೆಂಡ ಕುಡಿದ್ರೆ ಹಂದಿಗೂ ಹಾಲು ಬತ್ತುತ್ತೆ, ಹೋಗೇ!”

ಹನ್ನೊಂದು ಗಂಟೆಯ ಹೊತ್ತಿಗೆ ಒಳಗೆ ಒಂಬತ್ತು ಹೆಂಗಸರು, ಆರು ಹೂಜಿ. ಒಬ್ಬಳು ರೊಟ್ಟಿ ತಟ್ಟಿದಳು, ಒಬ್ಬಳು ಕಸ ಗುಡಿಸಿದಳು. ಹಸಿಂತಾ ಒತಿಲಿಯಾಳ ಹಿಂದೆ ಕೂತು ಸಿಕ್ಕು ಬಿಡಿಸಿ ಜಡೆ ಹಾಕಿದಳು. ತಾಯಿ ಸತ್ತ ಮೇಲೆ ಆ ತಲೆಯನ್ನು ಇನ್ನೊಬ್ಬರು ಬಾಚಿದ್ದು ಅದೇ ಮೊದಲು. ಒತಿಲಿಯಾ ತಲೆಯನ್ನು ಇನ್ನಷ್ಟು ಹಿಂದಕ್ಕೆ ಕೊಟ್ಟಳು. ಇಂಥ ಸುಖ ಇನ್ನೊಂದಿಲ್ಲ ಅನ್ನಿಸಿತು.

ಆದರೆ ಆರೋಗ್ಯ ಕೇಂದ್ರದ ನರ್ಸ್ ಬ್ರೆಂದಾ ಹೋದ ಸಲವೇ ಎಲ್ಲ ಹೇಳಿದ್ದಳು. “ಐದಾರು ವಾರಕ್ಕೆ ಎದೆ ಮೆತ್ತಗಾಗುತ್ತೆ, ಹೆದರ್ಬೇಡ. ಹಾಲು ಎಲ್ಲೂ ಹೋಗಿರಲ್ಲ. ಹೆಂಡ ಮಾತ್ರ ಮುಟ್ಬೇಡ. ನೀನು ಕುಡಿದದ್ದು ಹಾಲಿಗೂ ಇಳಿಯುತ್ತೆ. ಅದರಿಂದ ಹಾಲು ಹೆಚ್ಚಲ್ಲ, ಕಮ್ಮಿಯಾಗುತ್ತೆ.”

ಈ ಮಾತನ್ನು ಈಗ ಹೇಳಿದರೆ ಒಂಬತ್ತು ಜನವೂ ಹೂಜಿ ಎತ್ತಿಕೊಂಡು ನಡೆದುಬಿಡುತ್ತಾರೆ. ಅದಕ್ಕೇ ಒತಿಲಿಯಾ ಒಂದೊಂದು ಲೋಟವನ್ನೂ ತುಟಿಗೆ ತಾಗಿಸಿ, ಶಾಲಿನ ಮರೆಯಲ್ಲಿ ಮಂಚದ ಪಕ್ಕದ ಬಾನಿಗೆ ಸುರಿದಳು. ಬಾನಿಯಲ್ಲಿ ಮಗುವಿನ ಬಟ್ಟೆ ನೆನೆದಿದ್ದು ಅವಳಿಗೆ ಮರೆತೇಹೋಗಿತ್ತು. ಉಪಕಾರದ ಹುರುಪಿನಲ್ಲಿದ್ದ ಹಸಿಂತಾ ಅವನ್ನೆಲ್ಲ ಹಿಂಡಿ ಬಿಸಿಲಿಗೆ ಹರವಿದಳು; ಒಣಗಿದ ಕೂಡಲೇ ಲಿನೋನನ್ನು ಅವುಗಳಲ್ಲೇ ಸುತ್ತಿದಳು. ಮನೆಯ ತುಂಬ ಹೆಂಡದ ವಾಸನೆ, ಯಾರ ಮೂಗಿಗೂ ಬೇರೆಯಾಗಿ ಗೊತ್ತಾಗಲಿಲ್ಲ.

ಮೂರು ಗಂಟೆಗೆ ತಕ್ಕಡಿ ಹಿಡಿದು ಬಂದ ಬ್ರೆಂದಾ ಮಗುವನ್ನೆತ್ತಿ ಮುದ್ದಿಸಲು ಹೋದವಳು ಮುಖ ಹಿಂದಕ್ಕೆಳೆದಳು.

“ಮಗೂಗೆ ಹೆಂಡ ಕುಡಿಸಿದೀರಾ?”

“ಛೆ ಛೆ, ಮಗೂಗ್ಯಾಕಮ್ಮಾ? ತಾಯಿಗೆ,” ಎಂದಳು ಕ್ರಿಸ್ಪಿನಾ ಹೆಮ್ಮೆಯಿಂದ. “ಆರು ಹೂಜಿ!”

“ಆರು! ಒತಿಲಿಯಾ, ನನ್ ಮುಖ ನೋಡಿ ಹೇಳು. ಕುಡಿದ್ಯಾ?”

ಒಂಬತ್ತು ಜೊತೆ ಕಣ್ಣು ಅವಳ ಮೇಲೆ. ಪುಲ್ಕೆಯನ್ನು ಬಾನಿಗೆ ಸುರಿದವಳನ್ನು ನಮ್ಮೂರು ಸತ್ತರೂ ಕ್ಷಮಿಸುವುದಿಲ್ಲ. ನರ್ಸ್ ಬರುವುದು ಹದಿನೈದು ದಿನಕ್ಕೊಮ್ಮೆ, ಇವರೋ ಗೋಡೆಯಾಚೆಗೇ ಇರುವವರು.

“ಕುಡಿದೆ,” ಎಂದಳು ಒತಿಲಿಯಾ.

ಬ್ರೆಂದಾ ಹಣೆ ಚಚ್ಚಿಕೊಂಡಳು. “ತೂಕ ಇಳಿದಿರ್ಲಿ, ಆಮೇಲಿದೆ ನಿಂಗೆ! ದಿನಾ ಬಂದು ಇಲ್ಲೇ ಕೂತ್ಕೋತೀನಿ.”

ಆ ಬೆದರಿಕೆ ಒತಿಲಿಯಾಳ ಕಿವಿಗೆ ಹಿತವಾಗಿಯೇ ಕೇಳಿಸಿತು. ಆದರೆ ತಕ್ಕಡಿಯ ಮುಳ್ಳು ಐದು ಕಿಲೋ ದಾಟಿ ನಿಂತಿತು. ಹೋದ ಸಲಕ್ಕಿಂತ ಮುಕ್ಕಾಲು ಕಿಲೋ ಜಾಸ್ತಿ. ಸಾಲದ್ದಕ್ಕೆ ಲಿನೋ ಕ್ರಿಸ್ಪಿನಾಳ ಹೆಗಲ ಮೇಲೆ ಬೊಳಕ್ಕನೆ ಹಾಲು ಕಕ್ಕಿದ.

“ಬಂತು! ಹಾಲು ವಾಪಸ್ ಬಂತು!” ಮುದುಕಿ ಕುಣಿದುಬಿಟ್ಟಳು.

“ಮುಕ್ಕಾಲು ಕಿಲೋ ಒಂದು ಬೆಳಿಗ್ಗೇಲಿ ಬರುತ್ತೇನ್ರೀ?” ಬ್ರೆಂದಾ ಕಿರುಚಿದಳು.

“ಪುಲ್ಕೆ ಅಂದ್ರೆ ಹಾಗೇ ಕಣಮ್ಮಾ. ನಿಮ್ಮ ಪುಸ್ತಕದಲ್ಲಿ ಬರೆದಿರಲ್ಲ.”

ಬ್ರೆಂದಾ ತಕ್ಕಡಿ ಮಡಚಿದಳು. ಮಗು ಗಟ್ಟಿಯಾಗಿದೆ, ಇನ್ನು ತಿಂಗಳು ಬಿಟ್ಟು ಬಂದರೆ ಸಾಕು ಎಂದು ಹೇಳಿ ದಡದಡ ಹೊರಟೇಹೋದಳು. ಆಮೇಲೆ ಹಾಲು ತಂದದ್ದು ಯಾರ ಹೂಜಿ ಎಂದು ಜಗಳ ಹತ್ತಿತು. ಆರನ್ನೂ ರುಚಿ ನೋಡಿಯೇ ತೀರ್ಮಾನವಾಗಲಿ ಎಂದು ಎಲ್ಲರೂ ಕ್ರಿಸ್ಪಿನಾಳ ಅಂಗಳಕ್ಕೆ ಹೊರಟರು. ಒತಿಲಿಯಾ ಮಗುವನ್ನೆತ್ತಿಕೊಂಡು ಹಿಂದೆಯೇ ಹೊರಟಳು.

“ನೀನೆಲ್ಲಿಗೇ? ನಲವತ್ತಕ್ಕೆ ಇನ್ನೂ ಎರಡು ದಿನ ಇದೆ!” ಹಸಿಂತಾ ಅವಳನ್ನು ಒಳಗೆ ತಳ್ಳಿ ಬಾಗಿಲು ಎಳೆದುಕೊಂಡಳು.

ಗೋಡೆಯಾಚೆ ನಗು, ಕೇಕೆ. ಈಚೆ ಲಿನೋ ನಿದ್ದೆ. ಅರ್ಧ ಗಂಟೆ ತಡೆದುಕೊಂಡ ಒತಿಲಿಯಾ ಕೊನೆಗೆ ಹಿತ್ತಿಲ ಕಲ್ಲಿನ ಮೇಲೆ ಹತ್ತಿ ನಿಂತಳು.

“ದೋನ್ಯಾ ಕ್ರಿಸ್ಪಿನಾ! ಮತ್ತೆ ಮೆತ್ತಗಾಯ್ತು!”

ನಗು ನಿಂತಿತು. ಹೆಜ್ಜೆ ಸಪ್ಪಳ ಕೇಳಿಸಿತು. ಒತಿಲಿಯಾ ಧಡಕ್ಕನೆ ಇಳಿದು, ಇದ್ದ ನಾಲ್ಕು ಮಣೆಗಳನ್ನೂ ಎಳೆದು ಹಾಕಿದಳು.

ಗೋಡೆಯ ಮೇಲೆ ಒಂದು ಹೂಜಿ ಬಂದು ಕೂತಿತು. “ನಂದೇ ಅಂತ ತೀರ್ಮಾನ ಆಯ್ತಮ್ಮಾ!” ಕ್ರಿಸ್ಪಿನಾಳ ದನಿ ತೂರಾಡುತ್ತಿತ್ತು. “ಮದ್ದು ಗೊತ್ತಾಯ್ತಲ್ಲ, ಇನ್ನು ಯಾರೂ ಬಂದು ನಿಂಗೆ ತೊಂದ್ರೆ ಕೊಡೋದು ಬೇಡ. ದಿನಾ ಇಲ್ಲೇ ಇಟ್ಟಿರ್ತೀನಿ, ತಗೊಂಡು ಕುಡಿ.”

ಒತಿಲಿಯಾ ಹೂಜಿ ಇಳಿಸಿಕೊಂಡಳು. ಮಣೆಗಳನ್ನು ಒಂದೊಂದಾಗಿ ಮತ್ತೆ ಗೋಡೆಗೆ ಒರಗಿಸಿಟ್ಟಳು.