ನೆಲದ ಮ್ಯಾಲೆ ನಡಿಯಕ್ ಬರ್ದ ಗಂಡ ಹೆಂಡ್ತಿ

ನಮ್ ಚಿಕ್ಕಪ್ಪ ಚಿಕ್ಕವ್ವ ಇಬ್ರಿಗೂ ನಡಿಯಕ್ ಬತ್ತಿರ್ನಿಲ್ಲ. ಕುಂಟ್ರು ಅನ್ಕಬ್ಯಾಡಿ. ಇಬ್ರುದೂ ಸೇರಿ ನಾಕು ಕಾಲು, ನಾಕೂ ನೆಟ್ಟಗಿದ್ವು. ನೆಲ ಅಲ್ಲಾಡ್ತಾ ಇದ್ರೆ ಮೇಕೆ ಮರಿ ಕುಣ್ದಂಗೆ ಓಡಾಡೋರಂತೆ. ನೆಲ ಸುಮ್ಕಿದ್ರೆ ಮುಗ್ಗರಿಸೋರು. ಇಂಥೋರ್ನ ಎಲ್ಲಾರ ಕಂಡಿದೀರಾ?

ಅವ್ರ ಸಂಸಾರ ಇದ್ದುದ್ದು ನಾಗಪಟ್ಟಣದ ಕಡಲ ಮ್ಯಾಲೆ, ಹಾಯಿ ದೋಣಿಲಿ. ಕೊಳ್ಳೇಗಾಲದ ರೇಷ್ಮೆ ನೇಯೋರ ಮನೆ ಹುಡುಗ ಕಡಲಿಗ್ಯಾಕೆ ಓದ ಅಂತೀರಾ? ಸೀರೆ ಮಾರಕ್ ಓದ. "ಎಂಟ್ ದಿನಕ್ಕೆ ಬತ್ತೀನವ್ವ" ಅಂತ ಗಂಟು ಹೊತ್ಕಂಡು ಓದೋನು ಮೂರು ವರ್ಸಕ್ಕೆ ಬಂದ. ಗಂಟಿಲ್ಲ, ಪಕ್ಕದಾಗೆ ಹೆಂಡ್ತಿ. ದೋಣಿ ನಡ್ಸೋನ ಮಗಳು. ಅಡಿಗೆ, ನಿದ್ದೆ, ಜಗಳ, ಜ್ವರ ಎಲ್ಲಾ ದೋಣಿಲೇ. ಒಂದೂರಿಂದ ಇನ್ನೊಂದೂರಿಗೆ ಉಪ್ಪು, ಹೆಂಚು ಸಾಗಿಸೋರು. ದೀಪಾವಳಿ ಕಳೀತಿದ್ದಂಗೆ ಆ ಕಡೆ ಕಡಲಲ್ಲಿ ಬಿರುಗಾಳಿ. ಆಗ ದೋಣಿನ ಮರಳಿಗೆ ಎಳ್ದು, ಸಂಕ್ರಾಂತಿಗಂಟ ಇರಕ್ಕೆ ನಮ್ಮನೆಗೆ ಬರೋರು.

ನಾನಾಗ ಲಂಗ ಹಾಕ್ತಿದ್ದೆ. ಅವ್ರು ಬಸ್ಸಿಳ್ದು ನಮ್ ಬೀದಿಲಿ ಬರೋದ ನೋಡಕ್ಕೇ ಜನ ಜಗಲಿ ಮ್ಯಾಲೆ ಕುಂತಿರೋರು. ಕಾಲು ಅಗಲಕ್ಕಿಟ್ಕಂಡು, ಅತ್ಲಾಗ್ ಒಂದಪ ವಾಲಿ, ಇತ್ಲಾಗ್ ಒಂದಪ ವಾಲಿ, ಇಬ್ರೂ ಜೊತೆಲೇ.

ಎದುರ್ಮನೆಯವ್ಳು ನಮ್ಮಜ್ಜಿಗೆ ಕೇಳ್ಸಂಗೆ ಅಂದ್ಲು, "ಏನಕ್ಕಾ, ನಿನ್ ಮಗ ಮದ್ಯಾನಕ್ಕೇ ಏರುಸ್ಕಂಡವ್ನೆ. ಸೊಸೆಗೂ ಅಷ್ಟು ಕುಡ್ಸವ್ನೆ."

ಚಿಕ್ಕಪ್ಪ ನಿಂತು ಕೈ ಮುಗ್ದ. "ನಾವ್ ನೆಟ್ಟಗೇ ನಡೀತಾ ಇದೀವಿ ಕಣಕ್ಕಾ. ನಿಮ್ ಬೀದಿನ ಯಾರಾರ ಬಿಗಿಯಾಗ್ ಕಟ್ಟಿ."

ಆ ವರ್ಸ ಬಂದಾಗ ಮಾತ್ರ ಅವ್ನ ಮೊಕ ಸಪ್ಪಗಿತ್ತು. ಬಿರುಗಾಳಿಗೆ ಹಾಯಿ ಚಿಂದಿಯಾಗೋಗಿತ್ತು. (ಈ ಫೋನಲ್ಲಿ 'ಹಾಯಿ' ಅಂತ ಒತ್ತುದ್ರೆ 'ತಾಯಿ' ಅಂತ ಬತ್ತದೆ. ಮೂರು ಸಲ ಅಳಿಸ್ದೆ. ಇನ್ಮೇಲೆ ಬಂದ್ರೆ ನೀವೇ ತಿದ್ಕಳಿ.) ಅದು ಬಟ್ಟೆಗೆಲ್ಲ ಸರ್ಕಾರದ ಕಂಟ್ರೋಲಿದ್ದ, ಚೀಟಿಗೆ ಅಳ್ದು ಕೊಡೋ ಕಾಲ, ಹಾಯಿಗಾಗೋ ದಪ್ಪ ಬಟ್ಟೆ ಎಲ್ಲಿ ತರೋದು? ಹತ್ತಿ ನೂಲು ಒಂದ್ ಮೂಟೆ ಹೆಂಗೋ ಹೊಂಚ್ಕಂಡ್ ಬಂದಿದ್ದ. ಹೆಂಗೆ ಅಂತ ಯಾರೂ ಕೇಳ್ನಿಲ್ಲ, ಅವ್ನೂ ಯೇಳ್ನಿಲ್ಲ.

"ಅವ್ವಾ, ಸಂಕ್ರಾಂತಿ ಒಳಗೆ ಹಾಯಿ ನೇಯ್ಕೊಡವ್ವ. ಇಲ್ದಿದ್ರೆ ದೋಣಿ ಮರಳಲ್ಲೇ ಒಣಗಿ ಸೀಳೋಯ್ತದೆ."

ನಮ್ಮನೇಲಿ ಮಗ್ಗ ಅಜ್ಜಿದು. ತಾತನ ಕಣ್ಣು ಮಂಜಾದ ಮ್ಯಾಲೆ ಅವ್ಳೇ ಮಗ್ಗದ ಗುಂಡಿಲಿ ಕಾಲಿಳೆಬುಟ್ಟು ಕುಂತು ನೇಯ್ದು ಮಕ್ಕಳ್ನ ಸಾಕಿದ್ಲು. ಅಜ್ಜಿ ಲಾಳಿಗಾಕೋ ನೂಲಿನ ಕಂಡಿಕೆ ಸುತ್ತೋದ ನಿಲ್ಲುಸ್ನಿಲ್ಲ. "ಸೀಳೋಗ್ಲಿ ಬುಡು. ನನ್ ಮಗನ್ನ ದೂರ ತಳ್ಳೋ ಬಟ್ಟೆನ ನನ್ ಮಗ್ಗದಾಗೇ ನೇಯ್ನಾ? ಇಲ್ಲೇ ಬಿದ್ದಿರು, ಮಗ್ಗ ಕಲ್ತಿದ್ದೀಯ."

ಅಲ್ಲಿಗೆ ಮನೇಲಿ ಎರಡು ಪಕ್ಷ ಆಯ್ತು. ಹಾಯಿ ಆದ್ರೆ ಅವ್ರು ಓಯ್ತರೆ. ಆಗ್ದಿದ್ರೆ ಇರ್ತರೆ, ಆದ್ರೆ ಯಂಗಿರ್ತರೆ? ನಾನು ಯಾವ ಪಕ್ಷ ಅಂತ ಕೇಳ್ಬ್ಯಾಡಿ. ಬೆಳಿಗ್ಗೆ ಒಂದು, ಸಂಜೆ ಒಂದು.

ಚಿಕ್ಕವ್ವ ಅದ್ಯಾವುದ್ರ ಗೋಜಿಗೂ ಓಗ್ದೆ ಮನೆನೆಲ್ಲ ಕಟ್ಟಾಕಿದ್ಲು. ಉಪ್ಪಿನ್ ಮಡಕೆ ಗೂಟಕ್ಕೆ, ಒರಳಲ್ಲಿದ್ದ ಗುಂಡುಕಲ್ಲು ಕಂಬಕ್ಕೆ, ಅಜ್ಜಿ ಎಲಡಿಕೆ ಚೀಲ ಕಿಟಕಿಗೆ. ಅಲೆ ಬಂದ್ರೆ ಉರುಳೋಗ್ಬಾರ್ದಲ್ಲ! ಅವಳ ಗಂಟು ಬಿಚ್ಚಕ್ಕೆ ನಮ್ಮನೇಲಿ ಯಾರ್ ಕೈಲೂ ಆಗ್ನಿಲ್ಲ. ಅಜ್ಜಿ ಒಂದೊತ್ತೆಲ್ಲಾ ಎಲಡಿಕೆ ಇಲ್ದೆ ಕಿಟಕಿ ಮುಂದೆ ಕುಂತಿದ್ಲು. "ಬಿಚ್ಚು" ಅಂತ ಸೊಸೆನ ಕೇಳಕ್ಕೆ ಬಿಗುಮಾನ. ಮಗ ಯೇಳ್ದೆ ಕೇಳ್ದೆ ಮದ್ವೆಯಾಗ್ ಬಂದ ದಿನದಿಂದ, ನಾಕು ವರ್ಸ, ಸೊಸೆ ಜೊತೆ ಮಾತು ಬುಟ್ಟಿದ್ಲಲ್ಲ.

ಚಿಕ್ಕವ್ವನ ಸ್ನಾನ ನೋಡ್ಬೇಕಿತ್ತು ನೀವು. ದೋಣಿಲಿ ಸಿಹಿನೀರು ಅಂದ್ರೆ ತುಪ್ಪ ಇದ್ದಂಗೆ. ಒಂದ್ ಚೊಂಬಲ್ಲಿ ತಲೆ, ಮೈ, ಕಾಲು ತೊಳ್ದು, ಉಳ್ದಿದ್ದು ಅಂತ ಕರಿಬೇವಿನ್ ಗಿಡಕ್ಕೆ ಹಾಕ್ಬುಡೋಳು. ಬಾವಿಕಟ್ಟೆ ಹೆಂಗಸ್ರು ಹಿಂದ್ಲಿಂದ ಬಂದು ಮೂಸಿ ನೋಡುದ್ರು. ಸೀಗೆಕಾಯಿ ವಾಸನೆ ಗಮ್ಮಂತಿತ್ತಂತೆ. ಮಾರ್ನೇ ದಿನದಿಂದ ನಮ್ಮವ್ವ ನಂಗೂ ಒಂದೇ ಚೊಂಬು ಕೊಟ್ಳು. ನಾನು ಕೆಸ್ರಾಗಿ ಸ್ಕೂಲಿಗೋದೆ.

ಚಿಕ್ಕಪ್ಪ ಕಮ್ಮಿಯಾ? ಎಳಂದೂರಿಗೆ ನೆಂಟ್ರ ಮನೆಗೆ ಗಾಡಿ ಕಟ್ಟುದ್ವಿ. ಆಗ ನಮ್ ಕೊಳ್ಳೇಗಾಲ ಮದ್ರಾಸಿನೋರ್ದು, ಎಳಂದೂರು ಮೈಸೂರ್ ಮಾರಾಜ್ರುದು. ಗಾಡಿಲಿ ಕುಂತು ಇನ್ನೊಂದ್ ರಾಜ್ಯಕ್ಕೆ ಓಗೋ ಜಂಬ ನಮ್ದು. ಅರ್ಧ ದಾರಿಲಿ ಚಿಕ್ಕಪ್ಪ ಬೆರಳು ಚೀಪಿ ಮ್ಯಾಕೆತ್ತಿ, "ಗಾಳಿ ಬೆನ್ನಿಗದೆ, ಸುಮ್ನೆ ಕಳ್ಕತಾ ಇದೀವಲ್ಲ" ಅಂದ. ಜಮಕಾನ ಎಳ್ದ, ಬಿದಿರು ಗಳಕ್ಕೆ ಸಿಗ್ಸಿ ಗಾಡಿ ಮ್ಯಾಲೆ ನಿಲ್ಲುಸ್ಬುಟ್ಟ. ಗಾಡಿ ದಿಬ್ಬ ಇಳಿಯೋವಾಗ ಸರಿಯಾಗ್ ತುಂಬ್ಕತು ನೋಡಿ ಗಾಳಿ. ಹಿಂದ್ಲಿಂದ ಗಾಡಿ ತಾನೇ ನೂಕ್ತಾ ಬರೋದ ಕಂಡು ಎತ್ತುಗಳು ನಿಂತ್ವು. ಒಂದು ಮಲಿಕ್ಕಂಡೇ ಬುಡ್ತು.

ಗಾಡಿಯೋನು ಅಂದ, "ಸಾ, ನಿಮ್ ಗಾಳಿಗೇ ಹುಲ್ಲಾಕಿ. ನನ್ನೆತ್ತು ಕೆಲ್ಸ ಬುಟ್ವು."

ಇಂಥ ಮಗನ್ನ ನೆಲದಾಗೇ ಉಳುಸ್ಕಬೇಕು ಅಂತ ಅಜ್ಜಿ ಹಟ. ನಮ್ ಕೈಲಾಗಲ್ಲ, ಮಾದಪ್ಪನೇ ದಾರಿ ಅಂತ ಬೀದಿ ಹೆಂಗಸ್ರ ಜೊತೆ ಮಾದೇಸ್ವರನ್ ಬೆಟ್ಟಕ್ಕೆ ನಡ್ಕಂಡೇ ಹೊಂಟ್ಲು. ಹನೂರ್ ಮ್ಯಾಲೆ ಓಗಿ ಬರಕ್ಕೆ ಒಂದ್ವಾರ. ಅವ್ಳು ಬೀದಿ ತಿರುಗ್ತಿದ್ದಂಗೆ ಚಿಕ್ಕಪ್ಪ ಮಗ್ಗಕ್ಕೆ ಹತ್ತಿ ಹಾಸು ಹೂಡ್ದ, ಉದ್ದಕ್ಕೆ ಎಳೆ ಕಟ್ಟಿ ಬಿಗುದ. ಕೈ ಮರ್ತಿರ್ನಿಲ್ಲ. ಆದ್ರೆ ಗುಂಡಿಲಿ ಕುಂತು ಲಾಳಿ ಅತ್ಲಾಗಿತ್ಲಾಗ್ ಓಡೋದ ಒಂದ್ ಗಳಿಗೆ ನೋಡ್ದ, ಎದ್ದೋಗಿ ಹಿತ್ಲಲ್ಲಿ ವಾಂತಿ ಮಾಡ್ಕಂಡ. ಬಿರುಗಾಳಿಲಿ ಮುದ್ದೆ ತಿನ್ನೋನಿಗೆ ಅವ್ವನ ಮಗ್ಗದಲ್ಲಿ ತಲೆಸುತ್ತು!

ಆಗ ಇಳುದ್ಲು ಚಿಕ್ಕವ್ವ. ಜನ್ಮದಾಗೆ ಮಗ್ಗ ಮುಟ್ದೋಳಲ್ಲ. ಎಳೆ ಕಡಿಯೋದು, ಕಟ್ಟೋಳು, ಕಡಿಯೋದು, ಕಟ್ಟೋಳು. ದಿನಕ್ಕೆ ಮೊಳ ಆಗ್ತಿರ್ನಿಲ್ಲ. "ಇಲ್ಲೇ ಇದ್ರೆ ಏನಾಯ್ತದೆ ಚಿಕ್ಕವ್ವ?" ಅಂದೆ. ಅವ್ಳು ತಲೆ ಎತ್ತುನಿಲ್ಲ. "ನಿಮ್ ಚಿಕ್ಕಪ್ಪ ಇಲ್ಲಿ ನಗ್ತವ್ರೆ, ಆದ್ರೆ ರಾತ್ರಿ ಒರಗಲ್ಲ ಕಣ್ಣು" ಅಂದ್ಲು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ.

ಒಂದ್ವಾರ ಅಂದ ಅಜ್ಜಿ ಆರೇ ದಿನಕ್ಕೆ ಬಂದ್ಲು. ಕಾಲಲ್ಲಿ ಬೆಟ್ಟದ ದೂಳು, ಕೈಲಿ ಪರ್ಸಾದ. ನೋಡುದ್ರೆ ಮಗ್ಗದ ಗುಂಡಿಲಿ ಸೊಸೆ! ನಾವೆಲ್ಲ ಗೋಡೆಗಂಟ್ಕಂಡ್ವಿ. ಅಜ್ಜಿ ಪರ್ಸಾದ ಗೂಡಲ್ಲಿಟ್ಟು ಬಗ್ಗುದ್ಲು. ನೇಯ್ದಿದ್ ಬಟ್ಟೆ ಮ್ಯಾಲೆ ಹೆಬ್ಬೆಟ್ಟು ಆಡ್ಸಿದ್ಲು. ನೇಯೋರು ಹಂಗೇ ನೋಡೋದು, ಗಂಟಿದ್ರೆ ಹೆಬ್ಬೆಟ್ಟಿಗೆ ತಡೀತದೆ. ಈ ಕಡೆಯಿಂದ ಆಡ್ಸಿದ್ಲು. ಆ ಕಡೆಯಿಂದ ಆಡ್ಸಿದ್ಲು. ಒಂದೂ ತಡೀನಿಲ್ಲ.

"ಎಷ್ಟ್ ಕಡೆ ಕಡೀತು?" ನಾಕು ವರ್ಸದ ಮ್ಯಾಲೆ ಮೊದಲ್ನೇ ಮಾತು.

"ಎಣ್ಸಿಲ್ಲ ಅತ್ತೆ. ನೂರಾಗಿರ್ಬೋದು."

ಅಜ್ಜಿ ಇನ್ನೊಂದ್ಸಲ ಹೆಬ್ಬೆಟ್ಟು ಆಡ್ಸಿದ್ಲು. ಆಮೇಕೆ ಕತ್ರಿ ತಕಂಡು ಆ ಹಾಸನ್ನ ಕಚಕಚ ಕತ್ರುಸ್ಬುಟ್ಳು. ಚಿಕ್ಕಪ್ಪ "ಅವ್ವಾ" ಅಂತ ಕತ್ರಿ ಕಿತ್ಕಳಕ್ ಓದ.

"ಬಾಯ್ಮುಚ್ಚು. ಗಂಟು ಹಾಕಕ್ ಬತ್ತದೆ ಅವಳ್ಗೆ, ನಿಂಗೆ ಹಾಸು ಹೂಡಕ್ ಬರಕಿಲ್ಲ. ಅಂಚೆಲ್ಲೋ? ಅಂಚಿಲ್ದಿರೋ ಬೋಳು ಬಟ್ಟೆ ಹೆಣಕ್ ಹೊದಿಸ್ತರೆ. ನನ್ ಮಗ್ಗದಾಗೆ ಅದ ನೇಯ್ತೀರಾ?"

ಅಂಚು ಆಮೇಲ್ ಅಂಟ್ಸೋದಲ್ಲ, ಹಾಸು ಹೂಡೋವಾಗ್ಲೇ ಬರ್ಬೇಕು. ಅಜ್ಜಿ ಸೀರೆಗಿಟ್ಟಿದ್ದ ಕೆಂಪು ರೇಷ್ಮೆ ತೆಗೆದು ಎರಡೂ ಮಗ್ಗುಲಿಗೆ ಹೂಡಿದ್ಲು. ಹಾಯಿಗೆ ರೇಷ್ಮೆ ಅಂಚು, ಯಾವ್ ಮಾರಾಜ್ರ ದೋಣಿಗಿತ್ತು ಯೇಳಿ? ಅಜ್ಜಿ ನೇಯೋಳು, ಚಿಕ್ಕವ್ವ ಎಳೆ ಕಡ್ದಂಗೆಲ್ಲ ಕಟ್ಟೋಳು, ಚಿಕ್ಕಪ್ಪ ಪಟ್ಟಿ ಪಟ್ಟಿ ಸೇರ್ಸಿ ಹೊಲಿಯೋನು. ಸಂಕ್ರಾಂತಿಗೆ ಎರಡ್ ದಿನ ಇದ್ದಂಗೆ ಮುಗೀತು. ಬಿಳಿ ಮ್ಯಾಲೆ ಕೆಂಪು ಗೀಟು ಗೀಟು, ನಡುಮನೆ ತುಂಬ್ಕಂಡು ಹಜಾರಕ್ಕೂ ಹರೀತು.

ಕೊನೇ ಪಟ್ಟಿ ಹೊಲ್ದು ಮುಗ್ಸಿದ ಚಿಕ್ಕಪ್ಪ ಅದ್ರ ತುದಿ ಕೈಲಿಡ್ಕಂಡು ನಿಂತ. "ಅವ್ವಾ, ಹಾಯಿಗೆ ಸೆರಗ್ಯಾಕವ್ವಾ?"

ನಿಜವಾಗ್ಲೂ ಸೆರಗು. ನಮ್ಮನೇಲಿ ಮದ್ವೆ ಸೀರೆಗೆ ಹಾಕ್ತಿದ್ದ ಸೆರಗು. ಅದ ಯಾವಾಗ್ ನೇಯ್ದಿದ್ಲೋ, ನಾವ್ಯಾರೂ ನೋಡ್ನಿಲ್ಲ.

ಅಜ್ಜಿ ಮಣೆ ಹಾಕಿದ್ಲು, ಸೊಸೆನ ಕೂರುಸುದ್ಲು, ಸೆರಗಿನ್ ಮೂಲೆಗೆ ಅರಿಸಿನ ಕುಂಕುಮ ಇಟ್ಟು ಮಡ್ಲಿಗೆ ಹಾಕಿದ್ಲು.

"ನಮ್ಮನೆ ಸೊಸೆ ಧಾರೆಗೆ ನಾನ್ ನೇಯ್ದ ಸೀರೆ ಉಡ್ಬೇಕು ಕಣಮ್ಮಿ. ನಿಂಗ್ ಉಡುಸ್ನಿಲ್ಲ. ನಾಕು ವರ್ಸ ತಡ ಆಯ್ತು, ಅದ್ಕೇ ಒಸಿ ಉದ್ದ ಬಂದದೆ."

ಚಿಕ್ಕವ್ವ ಆ ಸೆರಗ ತಲೆ ಮ್ಯಾಲೆ ಹೊದ್ಕಂಡು ಕಾಲಿಗ್ ಬೀಳಕ್ಕೆ ಬಗ್ಗಿದ್ಲು. ಹಿಂದ್ಲಿಂದ ಅಷ್ಟೂ ಹಾಯಿ ಎಳೀತು, ನಾವ್ ನಾಕು ಜನ ಎತ್ತಿ ಹಿಡ್ಕಂಡ್ವಿ. ಬಗ್ಗಿದೋಳು ಆ ಬಾರಕ್ಕೆ ಮ್ಯಾಕೇಳಾಕಾಗ್ನಿಲ್ಲ. ಅಜ್ಜಿ ಎತ್ತಕ್ ನೋಡಿದ್ಲು, ಆಗ್ನಿಲ್ಲ. ಕೊನಿಗೆ ತಾನೇ ನೆಲಕ್ ಕುಂತು, ಸೆರಗಿನೊಳಕ್ಕೆ ತಲೆ ತೂರ್ಸಿ, ಸೊಸೆ ಪಕ್ಕ ಒರಗ್ಕಂಡ್ಲು. ಒಳ್ಗೆ ಇಬ್ರೂ ಏನ್ ಮಾತಾಡುದ್ರೋ ಗೊತ್ತಿಲ್ಲ. ಕೈ ನೋಯ್ತಿದ್ರೂ ನಾವ್ಯಾರೂ ಹಾಯಿ ಬುಡ್ನಿಲ್ಲ.